ತೆಂಕಣ ಹಗ್ಗದ ಮೂರನೇ ಜಾಗ

ಕಾರವಾರ,
ತಾ. ೧೯-೧೧-೧೯೩೫

ಗಂಗಾಭಾಗೀರಥಿ ಸಮಾನಳಾದ ತಂಗಿ ಗೋದಾವರಿಗೆ ಅಣ್ಣ ಕುಪ್ಪನು ಮಾಡುವ ಆಶೀರ್ವಾದಗಳು. ಇತ್ತ ನಾನು ಕ್ಷೇಮ. ಸಾಂಪ್ರತ ಈ ಪತ್ರ ಬರೆಯಿಸಲು ಕಾರಣವೇನೆಂದರೆ,

ನೀನೂ ನಿನ್ನ ಅತ್ತಿಗೆ ಹೀರಾಳೂ ಆಸ್ಪತ್ರೆಗೆ ಬಂದು ಹೋಗಿ ಇಂದಿಗೆ ಹನ್ನೆರಡು ದಿನಗಳಾದವು. ಗಾಯ ಒಣಗುತ್ತಿದೆ. ಬಲಗೈಯ ನಡುವಿನ ಮೂರು ಬೆರಳುಗಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದಿವೆ. ಎರಡು ವರ್ಷ ಕೇಣಿಯ ಸಮುದ್ರದಲ್ಲಿ ಮೀನಿಲ್ಲ. ಮೀನು ಬರುವವರೆಗೆ ನಾಲ್ಕು ಕಾಸು ಮಾಡಿಕೊಳ್ಳೋಣವೆಂದು ದಸರೆ ಮುಗಿಸಿ ಈ ಬಂದರಿಗೆ ಬಂದೆ. ಹಡಗಿಗೆ ದಿಮ್ಮಿ ಏರಿಸುವಾಗ ಸರಪಳಿ ಜಾರಿತು. ಒಂದು ದಿಮ್ಮಿ ಇನ್ನೊಂದರ ಮೇಲೆ ಕೂತಿತು, ನಡುವೆ ನನ್ನ ಕೈ ಇತ್ತು. ಆದದ್ದು ಇಷ್ಟೇ. ಗುತ್ತಿಗೆದಾರರು ಎಂಟು ರೂಪಾಯಿ ಕೊಟ್ಟು ಹೋದವರು ಮತ್ತೆ ಈ ಕಡೆ ಸುಳಿದಿಲ್ಲ. ಆ ಎಂಟನ್ನೂ ಹೀರಾ ಒಯ್ದಿದ್ದಾಳೆ.

ಐದು ಹೊಟ್ಟೆಗಳಿವೆ: ಆಯಿ, ಹೀರಾ, ನಾಗು, ತೊಟ್ಟಿಲಲ್ಲಿರುವ ಕೂಸು, ನೀನು. ಮಲಗಿದಲ್ಲೇ ಯೋಚಿಸಿ ನಾನು ಹೀಗೆ ಗೊತ್ತುಮಾಡಿದ್ದೇನೆ. ಅಕ್ಕಿಯನ್ನು ಅಂಗಡಿಯಿಂದ ಉದ್ರಿ ತರುವುದು. ಹೀರಾಳ ಕಿವಿಯದನ್ನು ಅಂಕೋಲೆಯಲ್ಲಿ ಅಡವಿಡುವುದು. ನಾಗುವಿಗೆ ಹೊಸ ಪರಕರ ಬೇಡ. ಹೀರಾಳಿಗೆ ಓದಿ ಹೇಳು.

ಈ ಪತ್ರ ಬರೆಯುತ್ತಿರುವವರು ಪಕ್ಕದ ಮಂಚದ ತುಳಸಿದಾಸರು. ವಕೀಲರೊಬ್ಬರ ಗುಮಾಸ್ತರು, ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಕೆಲಸದಲ್ಲಿ ಪೆಟ್ಟಾದ ಕೂಲಿಯವರಿಗೆ ಧಣಿ ಪರಿಹಾರ ಕೊಡಬೇಕೆಂದು ಸರಕಾರದ ಕಾಯ್ದೆಯೇ ಇದೆಯಂತೆ. ಅರ್ಜಿ ಹಾಕೋಣ ಎನ್ನುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದಂತೆ. ಅಲ್ಲಿಯವರೆಗೆ ಮನೆ ನಿಲ್ಲಬೇಕಲ್ಲ.

ಇತಿ ಆಶೀರ್ವಾದಗಳು,
ಕುಪ್ಪ (ಎಡಗೈ ಹೆಬ್ಬೆಟ್ಟಿನ ಗುರುತು)


ಕೇಣಿ,
ತಾ. ೨೭-೧೧-೧೯೩೫

ಅಣ್ಣನಿಗೆ ಗೋದಾವರಿಯ ನಮಸ್ಕಾರ.

ಮೊದಲು ಆ ತುಳಸಿದಾಸರಿಗೆ ಹೇಳು: ನನ್ನ ಹೆಸರೇ ಒಂದು ಹೊಳೆ, ಅದರ ಹಿಂದೆ ಇನ್ನೆರಡು ಹೊಳೆ ಕಟ್ಟಬೇಕಾಗಿಲ್ಲ. ಗಂಡ ಸತ್ತವಳು ಎಂಬುದು ನನಗೆ ನೆನಪಿದೆ. ಬರೀ ಗೋದಾವರಿ ಎಂದರೆ ಸಾಕು.

ನೀನು ಗೊತ್ತುಮಾಡಿದ್ದನ್ನೆಲ್ಲ ಅತ್ತಿಗೆಗೆ ಓದಿ ಹೇಳಿದೆ. ಸೆಣಬು ಹೊಸೆಯುತ್ತ ಕೇಳಿ 'ಹೂಂ' ಅಂದಳು. ಆ ಹೂಂ ನಿನಗೆ ಗೊತ್ತಿದೆಯಲ್ಲ, ಆಗಲಿ ಎಂದು ಅದರ ಅರ್ಥವಲ್ಲ. ನೀನು ಹೇಳಿದ ಮೂರರಲ್ಲಿ ಒಂದನ್ನೂ ಅವಳು ಮಾಡಲಿಲ್ಲ. ಕಿವಿಯದು ಕಿವಿಯಲ್ಲೇ ಇದೆ. ನಾಗುವಿಗೆ ತನ್ನ ಹಳೆಯ ಸೀರೆ ಹರಿದು ಪರಕರ ಹೊಲಿದಿದ್ದಾಳೆ.

ಅಂಗಡಿಯಲ್ಲಿ ನಮ್ಮ ಹಳೆಯ ಬಾಕಿ ಆರು ರೂಪಾಯಿ ಇತ್ತಲ್ಲ. ಆಸ್ಪತ್ರೆಯಿಂದ ಮರಳಿದ ದಿನ ಅತ್ತಿಗೆ ಮೋಟಾರು ಇಳಿದವಳು ಮನೆಗೂ ಬಾರದೆ ನೇರ ಅಲ್ಲಿಗೆ ಹೋಗಿ, ನಿನ್ನ ಎಂಟರಲ್ಲಿ ಎರಡು ರೂಪಾಯಿ ಕೊಟ್ಟುಬಿಟ್ಟಳು. ನಾನು ದಾರಿಯಲ್ಲೇ ಜಗಳಕ್ಕೆ ನಿಂತೆ. ಗಂಡನ ಕೈ ಹೋದ ವಾರ ಯಾರಾದರೂ ಸಾಲ ತೀರಿಸುತ್ತಾರೆಯೇ ಎಂದೆ. "ನಾವಾಗೇ ಹೋದ್ರೆ ಅಂವ ಕಾಯ್ತ. ನಾವು ಅಡಗಿ ಕೂತ್ರೆ ಬಾಗ್ಲಿಗೆ ಬತ್ತ" ಅಂದಳು. ಈಗ ಪ್ರತಿ ಶುಕ್ರವಾರ ಹೋಗಿ ಎರಡಾಣೆ ಇಟ್ಟು ಬರುತ್ತಾಳೆ. ಅಂಗಡಿಯವನಿಗೇ ಮುಜುಗರವಾಗಿ, ಅಷ್ಟು ಅವಸರ ಯಾಕೆ ಎಂದನಂತೆ.

ಅಕ್ಕಿಯ ಸಂಗತಿ ಕೇಳು. ಉದ್ರಿ ತಂದರೆ ಅವನು ಹೇಳಿದ್ದೇ ದರ ಎಂದು ಅವಳು ಬೊಬ್ರುವಾಡದ ಸುಕ್ರಿಯ ಮನೆಗೆ ನಡೆದಳು. ಗದ್ದೆ ಮಾಡುವ ಮನೆ ಅದು. ಕೊಯ್ಲಿನ ಕಾಲದಲ್ಲಿ ಅವರಿಗೆ ಪೇಟೆಗೆ ಹೋಗಲು ಪುರುಸೊತ್ತಿಲ್ಲ, ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ಇಳಿತದ ಹೊತ್ತು ಅಳಿವೆಯಲ್ಲಿ ಹೆಕ್ಕಿದ ಬೆಳಚು ಚಿಪ್ಪುಮೀನು, ಇಲ್ಲವೆಂದರೆ ಒಣಸಿಗಡಿ, ದಿನ ಬಿಟ್ಟು ದಿನ ಇವಳು ಅಲ್ಲಿಗೆ ಮುಟ್ಟಿಸುವುದು; ಕೊಯ್ಲಾದ ಮೇಲೆ ಸುಕ್ರಿ ಮೂವತ್ತು ಕೊಳಗ ಭತ್ತ ಕೊಡುವುದು. ಹತ್ತು ಕೊಳಗವನ್ನು ಮುಂಗಡವಾಗಿಯೇ ತಲೆಯ ಮೇಲೆ ಹೊತ್ತು ತಂದಳು. ಜಗಲಿಯ ಅರ್ಧವನ್ನು ಒಣಮೀನಿನ ವ್ಯಾಪಾರಿಯೊಬ್ಬನಿಗೆ ಬುಟ್ಟಿ ಇಡಲು ವಾರಕ್ಕೆ ಎರಡಾಣೆಯಂತೆ ಕೊಟ್ಟಿದ್ದಾಳೆ. ಮಲಗುವ ಜಾಗ ಹೋಯಿತೆಂದು ಆಯಿ ಎರಡು ದಿನ ಮಾತು ಬಿಟ್ಟಿದ್ದಳು. ಈಗ ಬುಟ್ಟಿ ಎಣಿಸಿ ಇಡಿಸುವವಳು ಅವಳೇ.

ನಿನ್ನ ಬಲೆಯ ತುಂಡನ್ನು ಅತ್ತಿಗೆ ತೊಗಟೆಯ ನೀರಲ್ಲಿ ಅದ್ದಿ ಒಣಗಿಸಿ ಕೊಟ್ಟಳು. ಬಲೆಯ ಮುಂದಾಳು ದುರ್ಗಪ್ಪ ತಾಂಡೇಲನ ಜನ ಮೊನ್ನೆ ಬಂದು, ಊರೆಲ್ಲ ಕೂಡಿ ದಡಕ್ಕೆ ಎಳೆಯುವ ರಂಪಣಿ ಬಲೆಗೆ ಜೋಡಿಸಲು ಒಯ್ದರು. ಎಂಬತ್ತು ಮನೆಯ ಎಂಬತ್ತು ತುಂಡಿನಲ್ಲಿ ನಮ್ಮದೇ ಚೆಂದ ಬಣ್ಣ ಹಿಡಿದಿದೆ ಎಂದು ಅವನೇ ಹೇಳಿದ.

ಇನ್ನು ಕಾಗದದ ಖರ್ಚಿಗೂ ಅತ್ತಿಗೆ ಕಟ್ಟು ಹಾಕಿದ್ದಾಳೆ. ತಿಂಗಳಿಗೆ ಒಂದು ಲಕೋಟೆ, ಒಂದು ಕಾರ್ಡು. ಅದಕ್ಕೇ ಅಕ್ಷರ ಇರುವೆಯಷ್ಟು ಸಣ್ಣದಾಗಿದೆ. ತುಳಸಿದಾಸರು ಕನ್ನಡಕ ಹಾಕಿ ಓದಲಿ.

ಇತಿ,
ಗೋದಾವರಿ


ಕಾರವಾರ,
ತಾ. ೧೦-೧೨-೧೯೩೫

ಶ್ರೀಮತ್ ಕೇಣಿ ಗ್ರಾಮದ ರಂಪಣಿ ತಾಂಡೇಲರಾದ ದುರ್ಗಪ್ಪನವರ ಸನ್ನಿಧಿಗೆ ಕುಪ್ಪನ ವಿಜ್ಞಾಪನೆಗಳು.

ಇದು ಗುಟ್ಟಿನ ಪತ್ರ. ನಮ್ಮ ಮನೆಯವರಿಗೆ ತಿಳಿಯಬಾರದು.

ದುರ್ಗಪ್ಪಣ್ಣ, ನಮ್ಮ ಕಟ್ಟಳೆ ನಿನಗೆ ನಾನು ಹೇಳಬೇಕಾಗಿಲ್ಲ. ಬಲೆಗೊಂದು ಪಾಲು, ಮೈಗೊಂದು ಪಾಲು. ಬಲೆ ಎಳೆಯುವಾಗ ಮನೆಯ ಕೈ ಹಗ್ಗದ ಮೇಲಿಲ್ಲದಿದ್ದರೆ ಬಲೆಯ ಪಾಲೂ ಇಲ್ಲ. ಬಲೆಯ ಎರಡು ಹಗ್ಗಗಳಲ್ಲಿ ತೆಂಕಣ ಹಗ್ಗದ ಮೂರನೇ ಜಾಗದಲ್ಲಿ ನನ್ನ ಅಪ್ಪ ನಿಂತಿದ್ದ. ಅವನ ನಂತರ ಹದಿನಾರು ವರ್ಷ ನಾನು ನಿಂತೆ. ಈ ಕೈ ಇನ್ನು ಹಗ್ಗ ಹಿಡಿಯುವುದಿಲ್ಲ. ಬಿಗಿಹಿಡಿಯಲು ಹೋದರೆ ನೀರು ಕುಡಿಯುವ ತಂಬಿಗೆಯೇ ಜಾರುತ್ತದೆ. ಹಾಗಿರುವಾಗ ನನಗೆ ಬಲೆ ಯಾಕೆ? ನನ್ನ ತುಂಡನ್ನು ಯಾರಿಗಾದರೂ ಮಾರಿಬಿಡು. ನಲವತ್ತು ರೂಪಾಯಿಗೆ ಕಡಿಮೆ ಮಾಡಬೇಡ. ಹಣವನ್ನು ಗುತ್ತಿಗೆದಾರರು ಕಳಿಸಿದ್ದು ಎಂದು ಹೇಳಿ ಹೀರಾಳ ಕೈಗೆ ಕೊಡು.

ಇಲ್ಲಿಯ ದಿಮ್ಮಿ ಅಂಗಳದಲ್ಲಿ ಕಾವಲಿನವನು ಬೇಕಾಗಿದ್ದಾನೆ. ತಿಂಗಳಿಗೆ ಏಳು ರೂಪಾಯಿ, ಮಲಗಲು ಒಂದು ಗೂಡು. ಮೂರು ನಾನು ಇಟ್ಟುಕೊಂಡು ನಾಲ್ಕು ಮನೆಗೆ ಕಳಿಸುತ್ತೇನೆ. ಊರಿಗೆ ಬಂದು ಮರಳಿನ ಮೇಲೆ ಕೂತು, ನೀವು ಬಲೆ ಎಳೆಯುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಓದಿದ ಮೇಲೆ ಇದನ್ನು ಹರಿದು ಹಾಕುವುದು.

ಇತಿ,
ಕುಪ್ಪ (ಹೆಬ್ಬೆಟ್ಟು)

ಬರೆದವನ ಮಾತು: ಇದರಲ್ಲಿರುವುದು ನನಗೆ ಒಪ್ಪಿಗೆಯಿಲ್ಲ. ಹೇಳಿದ್ದನ್ನು ಬರೆಯುವುದು ನನ್ನ ಕಸುಬು. — ತುಳಸಿದಾಸ.


ಕೇಣಿ,
ತಾ. ೧೬-೧೨-೧೯೩೫

ಅಣ್ಣನಿಗೆ,

ಕೇಣಿಯ ನಮ್ಮ ಜನರಲ್ಲಿ ಓದು ಬರುವವರು ಎಷ್ಟು ಮಂದಿ ಎಂದು ನೆನೆಯದೆ ಗುಟ್ಟಿನ ಕಾಗದ ಬರೆಯುವವನು ಈ ಜಿಲ್ಲೆಯಲ್ಲಿ ನೀನೊಬ್ಬನೇ ಇರಬೇಕು. ದುರ್ಗಪ್ಪ ಯಾವಾಗ ಶಾಲೆಗೆ ಹೋಗಿದ್ದ? ಅವನಿಗೆ ಹುಟ್ಟಿದ ಮೇಲೆ ಬಂದದ್ದು ಇದೊಂದೇ ಕಾಗದ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆಗೆ ರುಮಾಲು ಸುತ್ತಿಕೊಂಡು, ಎಲ್ಲಿಗೆ ಬಂದ ಹೇಳು? ನಮ್ಮ ಜಗಲಿಗೆ. ನಾಲ್ಕನೇ ಇಯತ್ತೆ ಪಾಸಾದವಳು ನಾನೊಬ್ಬಳೇ ತಾನೇ. ತನಗೆ ಕಿವಿ ಮಂದ, ದೊಡ್ಡದಾಗಿ ಓದು ಎಂದು ಕೂತ.

ಅತ್ತಿಗೆ ಅಲ್ಲೇ ಸೆಣಬು ಹೊಸೆಯುತ್ತಿದ್ದಳು. ಗುಟ್ಟಿನ ಪತ್ರ ಎಂಬಲ್ಲಿಯವರೆಗೆ ದೊಡ್ಡದಾಗಿಯೇ ಓದಿದೆ. ಮುಂದಿನ ಸಾಲಿಗೆ ಕಣ್ಣು ಹೋದಾಗ ಓದು ನಿಲ್ಲಿಸಿದೆ. ಉಳಿದದ್ದೆಲ್ಲ ಕ್ಷೇಮ ಸಮಾಚಾರ ಎಂದು ಮಡಿಸಲು ಹೋದೆ. ಎರಡು ಪುಟ ತುಂಬ ಬರೀ ಕ್ಷೇಮವೇ ಎಂದು ದುರ್ಗಪ್ಪನಿಗೆ ಅನುಮಾನ ಬಂತು. ಅತ್ತಿಗೆ ತಲೆಯೆತ್ತದೆ "ಓದು" ಅಂದಳು. ಹರಿದು ಹಾಕುವುದು ಎಂಬಲ್ಲಿಯವರೆಗೂ ಓದಿದೆ.

ಅವಳು ಅಳಲಿಲ್ಲ. ಕಾವಲಿನ ಕೆಲಸದ ಮಾತು ಇನ್ನೊಮ್ಮೆ ಓದಿಸಿದಳು. ಆಮೇಲೆ ದುರ್ಗಪ್ಪನಿಗೆ, ಬಲೆ ಮಾರುವುದಿಲ್ಲ ಎಂದಳು. ದುರ್ಗಪ್ಪ ಒಳ್ಳೆಯವನೇ. ಆದರೆ ಉಳಿದ ಎಪ್ಪತ್ತೊಂಬತ್ತು ಮನೆಗೆ ಅವನು ಉತ್ತರ ಹೇಳಬೇಕು. ಮೂರು ಸಲ ಬಲೆ ಎಳೆಯುವವರೆಗೆ ತಡೆದುಕೊಳ್ಳುತ್ತೇನೆ, ನಾಲ್ಕನೆಯದಕ್ಕೆ ಈ ಮನೆಯ ಕೈ ಹಗ್ಗದ ಮೇಲಿರಬೇಕು, ಇಲ್ಲವಾದರೆ ತುಂಡು ಬಿಚ್ಚಿ ಕೊಡಬೇಕಾಗುತ್ತದೆ ಎಂದ. "ಕೈ ಬತ್ತದೆ" ಎಂದಳು ಅತ್ತಿಗೆ. ಯಾರನ್ನೋ ಕೂಲಿಗೆ ಹಿಡಿಯುತ್ತಾಳೆ ಎಂದುಕೊಂಡು ಅವನು ಹೋದ. ನಾನೂ ಹಾಗೆಯೇ ಅಂದುಕೊಂಡೆ.

ಅವನು ಹೋದ ಮೇಲೆ ನಾನು ಅವಳ ಜೊತೆ ವಾದಕ್ಕಿಳಿದೆ. ಅಣ್ಣನ ಮಾತಲ್ಲೂ ಹುರುಳಿದೆ, ನಲವತ್ತು ರೂಪಾಯಿ ಬಂದರೆ ಮಳೆಗಾಲ ಕಳೆಯುತ್ತದೆ ಎಂದೆ. ಆಗ ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಅಕ್ಕಿಗೆ ನಾ ದಾರಿ ಮಾಡ್ತೆ. ಬಲೆ ಇದ್ರೆ ನಾಗೂನ ಅಪ್ಪ ಊರಿಗೆ ಬತ್ರು. ಬಲೆ ಮಾರಿದ್ರೆ ಅವ್ರು ಬರುದಿಲ್ಲ ಗೋದಾವರಿ. ಅಲ್ಲೇ ಗೂಡಲ್ಲೇ ಉಳೀತ್ರು."

ಅಣ್ಣ, ನಾನು ಮೂರು ವರ್ಷದಿಂದ ಈ ಮನೆಯ ಅನ್ನ ತಿನ್ನುತ್ತಿದ್ದೇನೆ. ಅದು ನಿನ್ನ ಅನ್ನ ಎಂದುಕೊಂಡಿದ್ದೆ. ನಿನ್ನ ತೋಳಿನಷ್ಟೇ ಗಟ್ಟಿಯಾದ ಇನ್ನೊಂದು ಜೋಡಿ ತೋಳು ಅದರ ಹಿಂದಿತ್ತು ಎಂಬುದು ನನಗೆ ಈಗ ಕಾಣುತ್ತಿದೆ. ನಿನಗೂ ಕಾಣಲಿ ಎಂದು ಈ ತಿಂಗಳ ಲಕೋಟೆ ಖರ್ಚು ಮಾಡಿದೆ.

ಇತಿ,
ಗೋದಾವರಿ


ಕಾರವಾರ,
ತಾ. ೨-೧-೧೯೩೬ (ಕಾರ್ಡು)

ಗೋದಾವರಿಗೆ. ಇದು ನನ್ನ ಎಡಗೈ. ಸಣ್ಣವನಿದ್ದಾಗ ಕಲಿತ ಅಕ್ಷರ ತುಳಸಿದಾಸರು ತಿರುಗಿ ತಿದ್ದಿಸಿದರು. ಈ ನಾಲ್ಕು ಸಾಲಿಗೆ ಒಂದು ಮಧ್ಯಾಹ್ನ ಹೋಯಿತು. ಅರ್ಜಿ ಹಾಕಿ ಆಗಿದೆ. ಆಸ್ಪತ್ರೆಯಿಂದ ಬಿಟ್ಟರು, ತುಳಸಿದಾಸರ ಜಗಲಿಯಲ್ಲಿದ್ದೇನೆ. ಕಾವಲಿನ ಕೆಲಸಕ್ಕೆ ಇನ್ನೂ ಹೂಂ ಅನ್ನಲಿಲ್ಲ. ಹೀರಾ ಹಗ್ಗಕ್ಕೆ ಯಾರನ್ನು ಹಿಡಿದಳು? ಬರಿ. — ಕುಪ್ಪ


ಕೇಣಿ,
ತಾ. ೨೦-೧-೧೯೩೬

ಅಣ್ಣನಿಗೆ ನಮಸ್ಕಾರ.

ನಿನ್ನ ಕಾರ್ಡನ್ನು ಆಯಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಅಕ್ಷರ ಸೊಟ್ಟ ಇದೆ ಎಂದು ನಾಗು ನಕ್ಕಳು. ಅತ್ತಿಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವುದು ನಿನ್ನ ಹೆಸರು ಎಂದು ತೋರಿಸಿಕೊಂಡಳು.

ಹಗ್ಗಕ್ಕೆ ಅವಳು ಯಾರನ್ನೂ ಹಿಡಿಯಲಿಲ್ಲ. ಇದನ್ನು ನಿನಗೆ ಬರೆಯಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಅವಳಿಗೆ ಓದು ಬರುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಿನ್ನ ತಂಗಿಯಲ್ಲವೇ ನಾನು.

ದಶಂಬರ ಕೊನೆಗೆ ಬಂಗಡೆ ಬಂತು. ಎರಡು ವರ್ಷದ ಬಾಕಿ ತೀರಿಸುವಂತೆ ಬಂತು. ಮೊದಲ ಮೂರು ಬಲೆಗೆ ದುರ್ಗಪ್ಪ ಮಾತಿನಂತೆ ತಡೆದುಕೊಂಡ. ನಾಲ್ಕನೆಯ ದಿನ ಮೀನಿನ ಹಿಂಡು ಕಂಡಿತೆಂದು ದಿಬ್ಬದ ಮೇಲಿಂದ ಕೂಗು ಬಿದ್ದಾಗ ಹೆಂಗಸರೆಲ್ಲ ಬುಟ್ಟಿ ಹಿಡಿದುಕೊಂಡು ಹೊರಟೆವು. ಅತ್ತಿಗೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಸೀರೆಯ ಕಚ್ಚೆ ಬಿಗಿದು, ನೇರ ತೆಂಕಣ ಹಗ್ಗದ ಹತ್ತಿರ ಹೋಗಿ ನಿಂತಳು. ದುರ್ಗಪ್ಪ ಬಂದ. "ಹೆಂಗ್ಸರು ಹಗ್ಗ ಹಿಡ್ದದ್ದು ನಾ ಕಾಣ್ಲಿಲ್ಲ ಹೀರಾ" ಎಂದ. "ನಾನೂ ಕಾಣ್ಲಿಲ್ಲ" ಎಂದು ಇವಳು ಹಗ್ಗಕ್ಕೆ ಕೈ ಹಾಕಿದಳು.

ಅವನು ಬೇಡ ಎನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ. ಎಲ್ಲರಿಗಿಂತ ಹಿಂದೆ, ಹಗ್ಗ ಸುತ್ತಿ ಇಡುವ ಜಾಗ ತೋರಿಸಿದ. ಮುದುಕರು ಮಾಡುವ ಕೆಲಸ ಅದು. ಮಾಡಿದಳು. ಪಾಲು ಹಾಕುವಾಗ ಕೆಲವರು ಗೊಣಗಿದರು. ಬಲೆಯ ಪಾಲು ಕೊಟ್ಟ, ಮೈಯ ಪಾಲಿನ ಬದಲು ಒಂದು ಬೊಗಸೆ ಮೀನು ಕೊಟ್ಟ. ಇವಳು ಮುಖ ಸಣ್ಣದು ಮಾಡದೆ ಸೆರಗಿಗೆ ಹಾಕಿಕೊಂಡಳು. ಸಂಜೆ ಅವಳ ಅಂಗೈ ನೋಡಿದೆ. ಚರ್ಮ ಸುಲಿದು ಕೆಂಪಾಗಿತ್ತು. ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚುತ್ತ ನಾನೇ ಅತ್ತುಬಿಟ್ಟೆ. ನಿನ್ನ ಕೈಗೆ ಆದದ್ದರ ಮುಂದೆ ಇದೇನು ಎಂದು ಅವಳು ನನ್ನನ್ನೇ ಸಮಾಧಾನ ಮಾಡಿದಳು. ಮರುದಿನ ಮತ್ತೆ ಹೋದಳು, ಅದರ ಮರುದಿನವೂ ಹೋದಳು.

ಇನ್ನೊಂದು ಸಂಗತಿ ನಿನಗೆ ಯಾರೂ ಹೇಳಿರುವುದಿಲ್ಲ. ತೆಂಕಣ ಹಗ್ಗದಲ್ಲಿ ನಿನ್ನ ಮೂರನೇ ಜಾಗವನ್ನು ಯಾರೂ ಹಿಡಿದಿರಲಿಲ್ಲ. ಎರಡನೆಯವನ ನಂತರ ಒಂದು ಮಾರು ಖಾಲಿ, ಆಮೇಲೆ ನಾಲ್ಕನೆಯವನು. ನೀನು ಬರುತ್ತೀಯ ಎಂದು ಬಿಟ್ಟದ್ದು. ಕಳೆದ ವಾರ ಸೆಳೆತ ಜೋರಿತ್ತು, ಬಲೆ ಭಾರವಿತ್ತು. ಪ್ರತಿ ಎಳೆತಕ್ಕೂ ಹಗ್ಗ ಆ ಖಾಲಿ ಜಾಗದಲ್ಲಿ ಜೋಲು ಬೀಳುತ್ತಿತ್ತು. ದುರ್ಗಪ್ಪ ಸೊಂಟದವರೆಗೆ ನೀರಲ್ಲಿ ನಿಂತು ಅದನ್ನೇ ನೋಡಿದ. ಆಮೇಲೆ ಹಿಂದೆ ತಿರುಗಿ ಕೂಗಿದ: "ಹೀರಾ, ಮುಂದೆ ಬಾ."

ಬುಟ್ಟಿ ಹಿಡಿದು ನಿಂತ ನಾವೆಲ್ಲ ನೋಡುತ್ತಲೇ ಇದ್ದೆವು. ಅವಳು ಎಂಟು ಹತ್ತು ಗಂಡಸರನ್ನು ದಾಟಿ ಹೋಗಿ ನಿನ್ನ ಜಾಗದಲ್ಲಿ ಹಿಮ್ಮಡಿ ಊರಿದಳು. ಹಗ್ಗ ನೆಟ್ಟಗಾಯಿತು. ಆ ದಿನ ಅರ್ಧ ಮೈಯ ಪಾಲು ಕೊಟ್ಟರು. ನನ್ನ ಅತ್ತಿಗೆ ಎಂದು ಊರಿಗೆಲ್ಲ ಕೂಗಿ ಹೇಳಬೇಕು ಎನ್ನಿಸಿತು ಅಣ್ಣ. ಊರಿಗೆ ಗೊತ್ತೇ ಇದೆ, ಅದಕ್ಕೆ ನಿನಗೆ ಹೇಳುತ್ತಿದ್ದೇನೆ.

ಅಂಗಡಿಯ ಬಾಕಿ ತೀರಿತು. ಸುಕ್ರಿಯ ಭತ್ತ ಬಂತು.

ಇತಿ,
ಗೋದಾವರಿ


ಕಾರವಾರ,
ತಾ. ೧೫-೨-೧೯೩೬

ಗೋದಾವರಿಗೆ ಅಣ್ಣನ ಆಶೀರ್ವಾದ.

ಇದನ್ನು ಐದು ದಿನದಿಂದ ಬರೆಯುತ್ತಿದ್ದೇನೆ. ನಿನ್ನ ಲಕೋಟೆಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತುಳಸಿದಾಸರೂ ಓದಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿನ್ನ ಹೆಂಡತಿಗೆ ನನ್ನ ನಮಸ್ಕಾರ ಬರಿ ಎಂದರು.

ಗುತ್ತಿಗೆದಾರರ ಮನುಷ್ಯ ಬಂದಿದ್ದ. ಮೂವತ್ತು ರೂಪಾಯಿ ಜಗಲಿಯ ಮೇಲೆ ಎಣಿಸಿ ಇಟ್ಟು, ಇನ್ನು ಏನೂ ಕೇಳುವುದಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಎಂದ. ಮನೆಯಲ್ಲಿ ಗಂಜಿಗಿಲ್ಲ ಎಂದು ಒಂದು ಕಾಗದ ಬಂದಿದ್ದರೂ ನಾನು ಒತ್ತಿಬಿಡುತ್ತಿದ್ದೆ. ನಾವು ಅವಸರದಲ್ಲಿದ್ದೇವೆ ಎಂದು ತಿಳಿದೇ ಅವನು ಬಂದಿದ್ದ. ನಮ್ಮ ಮನೆಯಲ್ಲಿ ಅವಸರವಿರಲಿಲ್ಲ. ಹೆಬ್ಬೆಟ್ಟು ಒತ್ತುವುದಿಲ್ಲ, ನನಗೆ ಸಹಿ ಹಾಕಲು ಬರುತ್ತದೆ ಎಂದೆ, ಆ ಕಾಗದಕ್ಕೆ ಸಹಿಯನ್ನೂ ಹಾಕಲಿಲ್ಲ. ಮೊನ್ನೆ ನಮ್ಮ ಅರ್ಜಿಗೆ ಹುಕುಂ ಆಯಿತು. ನೂರ ಇಪ್ಪತ್ತಾರು ರೂಪಾಯಿ. ನಾನು ಗೆದ್ದೆ ಎಂದು ತುಳಸಿದಾಸರು ಹೇಳುತ್ತಾರೆ. ಗೆದ್ದವರು ಯಾರು ಎಂದು ನನಗೆ ಗೊತ್ತಿದೆ.

ಹಣವನ್ನು ಮನಿಆರ್ಡರಿನಲ್ಲಿ ಕಳಿಸುತ್ತೇನೆ. ಕಾವಲಿನ ಕೆಲಸ ಇನ್ನೂ ಖಾಲಿ ಇದೆ. ಹದಿನೈದು ದಿನದಲ್ಲಿ ಉತ್ತರ ಹೇಳಬೇಕು. ಸಿಟ್ಟು ಮಾಡಬೇಡ, ನಿಜವಾಗಿ ಕೇಳುತ್ತಿದ್ದೇನೆ. ನನ್ನ ಜಾಗದಲ್ಲಿ ಅವಳು ನಿಂತಿದ್ದಾಳೆ, ನನಗಿಂತ ಚೆನ್ನಾಗಿ ನಿಂತಿದ್ದಾಳೆ. ನಾನು ಊರಿಗೆ ಬಂದರೆ ಎಲ್ಲಿ ನಿಲ್ಲಲಿ?

ಇತಿ,
ಕುಪ್ಪ


ಕೇಣಿ,
ತಾ. ೨೨-೨-೧೯೩೬ (ಕಾರ್ಡು)

ಬರೆಯುವುದು ಗೋದಾವರಿ. ಮಾತು ಅತ್ತಿಗೆಯದು. ಒಂದಕ್ಷರ ಸೇರಿಸಬೇಡ ಎಂದು ಪಕ್ಕದಲ್ಲೇ ಕೂತಿದ್ದಾಳೆ.

ನಾಗೂನ ಅಪ್ಪನಿಗೆ. ಮನಿಆರ್ಡರಿಗೆ ದುಡ್ಡು ದಂಡ ಮಾಡುದು ಬೇಡ. ಬಂಗಡೆ ಬಾಳ ಬೀಳ್ತದೆ. ಹಗ್ಗ ಎಳ್ದು ಬಂದು ಮತ್ತೆ ಬುಟ್ಟಿ ಹೊತ್ಕಂಡು ಅಂಕೋಲೆ ಪೇಟೆಗೆ ಹೋಗುಕೆ ನಂಗೆ ಎರಡು ಮೈ ಇಲ್ಲ. ಗೋದಾವರಿ ಹೋದ್ರೆ ಕೂಸಿಗೆ, ಆಯಿಗೆ ಯಾರಿಲ್ಲ. ದಂಡೆ ಮೇಲೇ ಅರ್ಧ ರೇಟಿಗೆ ಕೊಟ್ಟು ಬತ್ತೆ. ಹೊಟ್ಟೆ ಉರೀತದೆ. ಎಲ್ಲಿ ನಿಲ್ಲುದು ಅಂತ ಕೇಳಿದ್ರಿ. ನಿಲ್ಲುಕೆ ಪುರುಸೊತ್ತು ಎಲ್ಲದೆ. ಬನ್ನಿ. — ಹೀರಾ


ಕೇಣಿ,
ತಾ. ೧೮-೩-೧೯೩೬

ಪೂಜ್ಯ ತುಳಸಿದಾಸರಿಗೆ ಕುಪ್ಪನ ನಮಸ್ಕಾರಗಳು.

ನೀವು ಮೋಟಾರು ಹತ್ತಿಸಿ, ಊರು ಮುಟ್ಟಿದ ಮೇಲೆ ಬರಿ ಎಂದಿರಿ. ಎರಡು ವಾರವಾದ ಮೇಲೆ ಬರೆಯುತ್ತಿದ್ದೇನೆ. ಪುರುಸೊತ್ತು ಸಿಗಲಿಲ್ಲ. ಈ ಮಾತು ಬರೆಯುವಾಗ ನನಗೇ ನಗು ಬರುತ್ತಿದೆ, ನಾಲ್ಕು ತಿಂಗಳು ನಿಮ್ಮೆದುರು ಕೈ ಕಟ್ಟಿ ಕೂತವನು ನಾನು.

ಬಾಳೆಗುಳಿಯಲ್ಲಿ ಮೋಟಾರು ಇಳಿದು ನಡೆದೆ. ಹಣ ಸೊಂಟದಲ್ಲಿತ್ತು, ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದೆ. ಮನೆಯಲ್ಲಿ ಆಯಿ, ಕೂಸು ಮಾತ್ರ ಇದ್ದರು. ಎಲ್ಲರೂ ದಂಡೆಗೆ ಹೋಗಿದ್ದಾರೆ ಎಂದಳು ಆಯಿ. ಹೋದೆ. ಬಲೆ ದಡಕ್ಕೆ ಬರುತ್ತಿತ್ತು. ನಾನು ಗಂಡಸರ ಹತ್ತಿರ ಹೋಗಲಿಲ್ಲ. ಮೇಲೆ ಬುಟ್ಟಿ ಹಿಡಿದ ಹೆಂಗಸರ ಸಾಲಿನಲ್ಲಿ ಗೋದಾವರಿಯ ಹಿಂದೆ ನಿಂತೆ. ಅವಳು ತಿರುಗಿ ನೋಡಿದಳು, ಮಾತಾಡಲಿಲ್ಲ. ಅವಳು ಮಾತಾಡದ್ದನ್ನು ನಾನು ಕಂಡದ್ದು ಅದೇ ಮೊದಲು.

ತೆಂಕಣ ಹಗ್ಗದಲ್ಲಿ ಮೂರನೆಯವಳು ಹೀರಾ. ನಾನು ಹೊಟ್ಟೆಕಿಚ್ಚು ಪಡುತ್ತೇನೆ ಎಂದು ಹೆದರಿದ್ದೆ. ಹಾಗಾಗಲಿಲ್ಲ. ಅವಳು ಹಿಮ್ಮಡಿ ಊರುವುದು ಅಪ್ಪನಿಂದ ನಾನು ಕಲಿತ ಹಾಗೆಯೇ, ಎಡಗಾಲು ಮುಂದೆ. ಯಾರು ಹೇಳಿಕೊಟ್ಟರು? ಹದಿನೈದು ವರ್ಷ ಬುಟ್ಟಿ ಹಿಡಿದು ನೋಡುತ್ತ ನಿಂತಿದ್ದಳಲ್ಲ, ಬರೀ ನಿಂತಿರಲಿಲ್ಲ ಎಂದಾಯಿತು. ನನ್ನ ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ಪಾಲು ಹಾಕುವಾಗ ದುರ್ಗಪ್ಪ ಮನೆಯ ಯಜಮಾನನ ಹೆಸರು ಹಿಡಿದು ಕೂಗುವುದು ರೂಢಿ. ನಮ್ಮ ಸರದಿ ಬಂತು. ಅವನು ನನ್ನನ್ನು ಆಗಲೇ ನೋಡಿದ್ದ. ಆಮೇಲೆ ನನ್ನನ್ನೇ ನೋಡುತ್ತ ಗಟ್ಟಿಯಾಗಿ ಕೂಗಿದ: "ಹೀರಾ. ಬಲೆಗೊಂದು, ಮೈಗೊಂದು. ಎರಡು ಪಾಲು."

ಅರ್ಧವಲ್ಲ, ಪೂರ್ತಿ. ಯಾರೂ ಗೊಣಗಲಿಲ್ಲ.

ಅವಳು ಆಗ ನನ್ನನ್ನು ಕಂಡಳು. ಹತ್ತಿರ ಬಂದು, ಅಂಗಿಯ ತೋಳಿನಿಂದ ನನ್ನ ಕೈ ಹೊರಗೆ ತೆಗೆದು, ತಿರುಗಿಸಿ ನೋಡಿದಳು. ಗಾಯ ಒಣಗಿದೆ ಎಂದಳು, ಅಷ್ಟೇ. ಅವಳ ಅಂಗೈ ನನ್ನ ಹಳೆಯ ಅಂಗೈಯಂತೆ ಒರಟಾಗಿತ್ತು. ನಾನು ಅಲ್ಲೇ ಹಣದ ಗಂಟು ಕೊಟ್ಟೆ. ಎಷ್ಟು ಎಂದು ಕೇಳಿದಳು, ಹೇಳಿದೆ. ಬೆರಳಿಗೆ ನಲವತ್ತೆರಡು ಎಂದು ಅವಳು ಬಾಯಲ್ಲೇ ಲೆಕ್ಕ ಹಾಕಿದಳು. "ಇದ್ರಲ್ಲಿ ಅಕ್ಕಿ ತರುದಿಲ್ಲ. ಅಕ್ಕಿ ಅದೆ" ಎಂದಳು. "ಸೆಣಬು ತಕಂಬ. ಇನ್ನೊಂದು ತುಂಡು ಬಲೆ ಮಾಡ್ವ. ನಿಮ್ಮ ಬೆರಳು ಬಲೆಗೇ ಸೇರ್ಲಿ." ಈಗ ಅತ್ತಿಗೆ ನಾದಿನಿ ಇಬ್ಬರೂ ಹೊಸೆಯುತ್ತಿದ್ದಾರೆ. ಬರುವ ವರ್ಷ ನಮ್ಮದು ಎರಡು ತುಂಡು.

ಆಮೇಲೆ ನಡೆದದ್ದನ್ನು ಹೇಳಲೆಂದೇ ಈ ಕಾಗದ ಬರೆದದ್ದು. ಬುಟ್ಟಿ ತುಂಬಿತ್ತು. ಹೀರಾ ಸುಸ್ತಾಗಿ ಮರಳಿನ ಮೇಲೆ ಕೂತಿದ್ದಳು. ದಂಡೆಯ ವ್ಯಾಪಾರಿ ಅರ್ಧ ದರ ಹೇಳುತ್ತಿದ್ದ. ಎಲ್ಲಿ ನಿಲ್ಲಲಿ ಎಂಬ ನನ್ನ ಪ್ರಶ್ನೆಗೆ ಅವಳು ಕಾರ್ಡಿನಲ್ಲಿ ಏನು ಉತ್ತರ ಕೊಟ್ಟಿದ್ದಳು ಎಂಬುದು ನನಗೆ ಆಗ ತಿಳಿಯಿತು. ನಮ್ಮಲ್ಲಿ ಗಂಡಸರು ಮೀನು ಹಿಡಿಯುತ್ತಾರೆ, ಬುಟ್ಟಿ ಹೊತ್ತು ಪೇಟೆಯಲ್ಲಿ ಮಾರುವವರು ಹೆಂಗಸರು. ಗಂಡಸು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತದ್ದನ್ನು ನಾನು ಕಂಡಿಲ್ಲ. ಹೀರಾ ಹಗ್ಗ ಹಿಡಿಯುವುದನ್ನೂ ಮೊದಲು ಯಾರೂ ಕಂಡಿರಲಿಲ್ಲ. ತಲೆಯ ಮೇಲಿನ ಬುಟ್ಟಿಗೆ ಬೆರಳು ಬೇಕಾಗುವುದಿಲ್ಲ. ಗೋದಾವರಿಯ ಕೈಯಿಂದ ಸಿಂಬಿ ತೆಗೆದುಕೊಂಡು ತಲೆಗಿಟ್ಟೆ, ಬುಟ್ಟಿ ಎತ್ತಿ ಇಡು ಎಂದೆ.

ದಾರಿಯುದ್ದಕ್ಕೂ ಜನ ನೋಡಿದರು. ಬೆನ್ನ ಮೇಲೆ ಮೀನಿನ ನೀರು ಇಳಿಯುತ್ತಿತ್ತು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವ ಹೆಂಗಸರ ಸಾಲು ನನ್ನನ್ನು ನೋಡಿ ಮೊದಲು ನಕ್ಕಿತು. ನಾನು ಬುಟ್ಟಿ ಹೊತ್ತುಕೊಂಡೇ ನಿಂತಿದ್ದೆ. ಸಾಲಿನ ತುದಿಯಲ್ಲಿದ್ದ ಮುದುಕಿಯೊಬ್ಬಳು ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. "ಕೇಣಿ ಹೀರಾನ ಗಂಡನಾ ನೀನು?" ಎಂದಳು. ಹೌದೆಂದೆ. ತನ್ನ ಬುಟ್ಟಿ ಪಕ್ಕಕ್ಕೆ ಎಳೆದುಕೊಂಡು, "ಇಲ್ಲಿ ಕೂತ್ಕ" ಎಂದಳು.

ಮೊದಲ ದಿನ ಎರಡಾಣೆ ಕಡಿಮೆ ತಂದೆ. ಹೀರಾ ಎರಡು ಸಲ ಎಣಿಸಿ, ಸುಕ್ರಿಯಂಥವರ ಹತ್ತಿರ ಹೇಗೆ ಚೌಕಾಶಿ ಮಾಡಬೇಕೆಂದು ಪಾಠ ಹೇಳಿದಳು. ಮೂರನೆಯ ದಿನದಿಂದ ಲೆಕ್ಕ ಸರಿಯಾಗಿದೆ. ನೀವು ಈ ಕಡೆ ಬಂದರೆ ಪೇಟೆಯಲ್ಲಿ ನನ್ನನ್ನು ಹುಡುಕುವುದು ಕಷ್ಟವಲ್ಲ, ಸಾಲಿನಲ್ಲಿ ಮೀಸೆ ಇರುವವನು ನಾನೊಬ್ಬನೇ. ಕುಪ್ಪ ಎಂದು ಕೇಳಿದರೆ ಮಾತ್ರ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಹೆಸರನ್ನು ಸರಿಯಾಗಿ ಕೆಳಗೆ ಬರೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಹೀರಾಳ ಗಂಡ ಕುಪ್ಪ